ನಿಜದೂರು, ಸುಳ್ಳೂರು

ತಾರೀಖು ಹದಿನಾಲ್ಕು, ಭಾನುವಾರ ಮಧ್ಯಾಹ್ನ

ಮಗನೇ,

ಆಶೀರ್ವಾದದಿಂದ ಶುರುಮಾಡಲು ಕೈ ತಾನಾಗಿಯೇ ಹೊರಟಿತ್ತು, ತಡೆದೆ. ಆಶೀರ್ವಾದ ಇದೆ. ಕೊನೆಯವರೆಗೆ ಓದಿದರೆ ಸಿಗುತ್ತದೆ.

ಫೋನಿನಲ್ಲಿ ಹೇಳಬಹುದಿತ್ತಲ್ಲ ಅನ್ನುತ್ತೀಯ. ನಾನು ಫೋನು ಎತ್ತಿದರೆ ಸಾಕು, ನಿನ್ನ ಮಗಳು ಬಂದು ಕಾಲ ಬಳಿ ಕೂರುತ್ತಾಳೆ. ಎದ್ದು ಹೋಗು ಅಂದರೆ ಹೋಗುವುದಿಲ್ಲ. ಇನ್ನು ನಿನ್ನ ಕಡೆ, ನಾನು ಒಂದು ಗಟ್ಟಿ ಮಾತು ಎತ್ತುವಷ್ಟರಲ್ಲಿ ಸಿಗ್ನಲ್ ಹೋಗುತ್ತದೆ. ಕಾಗದಕ್ಕೆ ಆ ಕಾಯಿಲೆ ಇಲ್ಲ. ಇದನ್ನು ಅರ್ಧಕ್ಕೆ ನಿಲ್ಲಿಸಬೇಕಾದರೆ ನೀನೇ ಮಡಚಿ ಇಡಬೇಕು.

ಬುಗುರಿ ಹೇಗಿದ್ದಾಳೆ ಅಂತ ನೀನು ಕೇಳಿದಾಗಲೆಲ್ಲ, ಇಲ್ಲೇ ಇದಾಳೆ ಮಾತಾಡು ಅಂತ ಫೋನು ಅವಳ ಕೈಗೆ ಕೊಟ್ಟುಬಿಟ್ಟಿದ್ದೇನೆ. ಉತ್ತರ ಹೇಳಿರಲಿಲ್ಲ. ಈಗ ಹೇಳುತ್ತೇನೆ. ಹೋದ ವಾರ ಶಾಲೆಯಿಂದ ಕರೆಕಳಿಸಿದ್ದರು. ಟೀಚರಮ್ಮ ಒಳ್ಳೆಯವಳು, ಆದರೆ ಅವಳಿಗೂ ಸಾಕಾಗಿದೆ. ಪಾಠದ ಮಧ್ಯೆ ಎದ್ದು ಬೆಂಚು ತಳ್ತಾಳೆ ಅಜ್ಜಿ, ಬೇರೆ ಮಕ್ಕಳು ಕೂತಿದ್ರೂ ತಳ್ತಾಳೆ, ಯಾಕೆ ಅಂದ್ರೆ ಬಾಗಿಲಿಗೆ ದಾರಿ ಬೇಕು ಅಂತಾಳೆ, ಅಂದಳು. ನಾನು ತರಗತಿಯೊಳಗೆ ಹೋಗಿ ನೋಡಿದೆ. ಎಲ್ಲರ ಚೀಲಗಳೂ ಗೋಡೆಯ ಬದಿಗೆ ಸಾಲಾಗಿ ಒರಗಿದ್ದವು. ಮೊದಲನೆಯ ಸಾಲಿನ ಬೆಂಚು ಓರೆಯಾಗಿತ್ತು. ಮಧ್ಯದಲ್ಲಿ ಬಾಗಿಲಿನವರೆಗೆ ಒಬ್ಬರು ಓಡಬಹುದಾದಷ್ಟು ಅಗಲದ ಖಾಲಿ ಜಾಗ. ನಿನ್ನ ಮಗಳು ಅದರ ಆ ತುದಿಯಲ್ಲಿ, ಬಾಗಿಲನ್ನೇ ನೋಡುತ್ತ ನಿಂತಿದ್ದಳು.

ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ಅಲ್ಲಿ ಕಾಯುತ್ತಿದ್ದವರ ಬ್ಯಾಗುಗಳನ್ನು ಎಳೆಯತೊಡಗಿದಳು. ಒಬ್ಬ ದಪ್ಪ ಮನುಷ್ಯ, ಯಾರದ್ರೀ ಈ ಮಗು, ಹಿಡ್ಕೊಳ್ರೀ ಅಂತ ಗದರಿದ. ಇವಳು ಹೆದರಲಿಲ್ಲ. ನೀವು ಕಾಲು ಚಾಚಿದ್ರೆ ಯಾರೂ ಹೊರಗೆ ಹೋಗೋಕಾಗಲ್ಲ ಅಂಕಲ್ ಅಂದಳು. ಅವನು ನಕ್ಕ. ನನಗೆ ನಗು ಬರಲಿಲ್ಲ.

ಇದು ಎಲ್ಲಿಂದ ಬಂತು ಅಂತ ನಿನಗೂ ಗೊತ್ತು. ಆದರೂ ಮೊದಲಿಂದ ಬರೆಯುತ್ತೇನೆ. ಎಲ್ಲವನ್ನೂ ನೆನಪಿಟ್ಟುಕೊಳ್ಳುವುದೇ ನನ್ನ ರೋಗ ಅಂತ ನಿನ್ನಪ್ಪ ಹೇಳುತ್ತಿದ್ದರು. ಇರಲಿ, ಮನೆಯಲ್ಲಿ ಒಬ್ಬರಿಗಾದರೂ ಆ ರೋಗ ಇರಬೇಕು.

ಬುಗುರಿಗೆ ಅಕ್ಷರ ಪೂರ್ತಿ ಬರುವ ಮೊದಲೇ ಒಗಟು ಬಂತು. ನಾನು ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದ ಕಾಲದಿಂದಲೂ ಭಾನುವಾರದ ಒಗಟಿನ ಪುಟವನ್ನು ಕತ್ತರಿಸಿ ಬಿಸ್ಕತ್ತಿನ ಡಬ್ಬಿಗಳಲ್ಲಿ ತುಂಬಿಟ್ಟಿದ್ದೆನಲ್ಲ, ನೀನು ಅವನ್ನು ತೂಕಕ್ಕೆ ಹಾಕೋಣ ಅನ್ನುತ್ತಿದ್ದೆ. ಅವಳು ನನ್ನ ತೊಡೆಯ ಮೇಲೆ ಕೂತು ಅಂಕಿಗಳ ಚೌಕ ನೋಡುತ್ತ ನೋಡುತ್ತ ಒಂದು ದಿನ, ಇಲ್ಲಿ ಏಳು ಬರತ್ತೆ ಅಂದಳು. ಯಾಕೆ ಅಂದರೆ, ಏಳಕ್ಕೆ ಬೇರೆ ಎಲ್ಲೂ ಮನೆ ಇಲ್ಲ ಅಜ್ಜಿ ಅಂದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ನಾನು ಹೆತ್ತವಳೂ ಅಲ್ಲ, ಸುಮ್ಮನೆ ಬೀಗಬಾರದು ಅಂತ ಬಾಯಿ ಮುಚ್ಚಿಕೊಂಡೆ. ಆಮೇಲೆ ಬಡಗಿಗೆ ಹೇಳಿ ಮರದ ತಟ್ಟೆ ಮಾಡಿಸಿದೆ. ಅದರೊಳಗೆ ಉದ್ದದ, ಗಿಡ್ಡದ ಬಿಲ್ಲೆಗಳು. ಬಿಲ್ಲೆಗಳನ್ನು ಎತ್ತುವಂತಿಲ್ಲ, ಸರಿಸಬಹುದು ಅಷ್ಟೆ. ಸರಿಸಿ ಸರಿಸಿ ದಾರಿ ಮಾಡಿ ಕೆಂಪು ಬಿಲ್ಲೆಯನ್ನು ಅಂಚಿನ ಕಿಂಡಿಯಿಂದ ಹೊರತರಬೇಕು.

ಪತ್ರಿಕೆಯಲ್ಲಿ ಬಂದ ಒಂದು ಜೋಡಣೆಯನ್ನು ಹಾಗೇ ಇಟ್ಟುಕೊಟ್ಟೆ. ಎರಡು ಸಲ ಕಣ್ಣು ಹಾಯಿಸಿದಳು, ಕೈ ಹಾಕಲೇ ಇಲ್ಲ. ಇದು ಆಗಲ್ಲ ಅಂದಳು. ಆಗಲ್ಲ ಅನ್ನೋದು ಸೋಮಾರಿಗಳ ಮಾತು ಅಂತ ಗದರಿದೆ. ಮುಂದಿನ ಭಾನುವಾರ ಪುಟದ ಮೂಲೆಯಲ್ಲಿ ತಿದ್ದುಪಡಿ ಅಚ್ಚಾಗಿತ್ತು. ಒಂದು ಬಿಲ್ಲೆ ತಪ್ಪು ಜಾಗದಲ್ಲಿ ಬಿದ್ದಿತ್ತಂತೆ, ಓದುಗರು ಕ್ಷಮಿಸಬೇಕಂತೆ. ಬಿಡಿಸುವ ಜಾಣರು ಬೇಕಾದಷ್ಟು ಜನ ಇದ್ದಾರೆ, ಮಗನೇ. ಬಿಡಿಸಲಾಗದ್ದನ್ನು ಬಿಡಿಸಲಾಗದು ಅಂತ ನೋಡಿದ ಕೂಡಲೇ ಹೇಳುವವರನ್ನು ನಾನು ಇವಳೊಬ್ಬಳನ್ನೇ ಕಂಡದ್ದು.

ಮತ್ತೆ ನಮ್ಮ ಊಟದ ಮೇಜಿನ ಆಟ. ನಿಜದೂರಿನವರು ಸದಾ ನಿಜವನ್ನೇ ಹೇಳುತ್ತಾರೆ, ಸುಳ್ಳೂರಿನವರು ಸದಾ ಸುಳ್ಳನ್ನೇ ಹೇಳುತ್ತಾರೆ. ದಾರಿಯಲ್ಲಿ ಇಬ್ಬರು ಸಿಕ್ಕರು, ಒಬ್ಬ ನಾವಿಬ್ರೂ ಸುಳ್ಳೂರಿನವ್ರು ಅಂದ. ಯಾರು ಯಾವ ಊರು? ನೀನು ತಲೆ ಕೆರೆದುಕೊಳ್ಳುತ್ತಿದ್ದೆ. ಅವಳು ತುತ್ತು ನುಂಗುವ ಮೊದಲೇ ಹೇಳಿದಳು: ನಿಜದೂರಿನವ್ನು ತಾನು ಸುಳ್ಳೂರು ಅಂತ ಹೇಳೋಕಾಗಲ್ಲ, ಅದಕ್ಕೆ ಅವ್ನು ಸುಳ್ಳೂರೇ. ಆದ್ರೆ ಅವ್ನು ಹೇಳಿದ್ದು ಸುಳ್ಳಾಗ್ಬೇಕಲ್ಲ, ಅದಕ್ಕೆ ಇನ್ನೊಬ್ಬ ನಿಜದೂರು. ನನ್ನ ಸೊಸೆ ಕೈ ತೊಳೆಯುತ್ತ ಅಲ್ಲಿಂದಲೇ ಸೇರಿಸಿದಳು, ನಿಮ್ಮ ಮಗ ಯಾವೂರು ಅಂತ ಮದುವೆ ಆಗಿ ಇಷ್ಟು ವರ್ಷವಾದ್ರೂ ಗೊತ್ತಾಗಿಲ್ಲ ಅತ್ತೆ, ಅಡುಗೆ ಚೆನ್ನಾಗಿದೆ ಅಂತಾರೆ, ತಟ್ಟೇಲಿ ಅರ್ಧ ಬಿಡ್ತಾರೆ. ಅದು ಸುಳ್ಳಲ್ಲ ಕಣೇ, ಮರ್ಯಾದೆ, ಅಂದೆ ನೀನು. ಮರ್ಯಾದೆ ಯಾವೂರಲ್ಲಿದೆ, ಅಂದಳು ಬುಗುರಿ. ಅವತ್ತು ನಿನ್ನ ಹೆಂಡತಿ ನಕ್ಕು ನಕ್ಕು ಗೋಡೆಗೆ ಒರಗಿದ್ದಳು. ಆ ಗೋಡೆಯ ಮೇಲೆ ಅವಳ ಒದ್ದೆ ಕೈಯ ಗುರುತು ಬಹಳ ದಿನ ಇತ್ತು. ಈಗಲೂ ಬೆಳಕು ಓರೆಯಾಗಿ ಬಿದ್ದಾಗ ಇದೆ ಅನ್ನಿಸುತ್ತದೆ. ನಾನು ಒರೆಸಿಲ್ಲ.

ಆ ಭಾನುವಾರಕ್ಕೆ ಬರುತ್ತೇನೆ. ಹಡಗು ತಡವಾಗಿತ್ತು, ಹೊಲಿದು ಮುಗಿಸಿದ ಬಟ್ಟೆಯ ಬಾಕ್ಸುಗಳು ಗೋದಾಮು ತುಂಬಿ ಹೊಲಿಗೆಯ ಹಾಲ್‌ಗೆ ಬಂದಿದ್ದವು. ಅವನ್ನು ಎಲ್ಲಿ ಕೂರಿಸುವುದು ಅಂತ ಗೋದಾಮಿನ ಮೇಲ್ವಿಚಾರಕನಾದ ನಿನಗೆ ತಲೆಬಿಸಿ. ನೀನು ಆ ಹಾಲ್‌ನ ಅಳತೆಗೆ ಒಂದು ರಟ್ಟು ಕತ್ತರಿಸಿ ಅದರ ಮೇಲೆ ಹಳದಿ ಗೆರೆ ಎಳೆದೆ. ಬಾಕ್ಸಿನ ಅಟ್ಟಿಗಳಿಗೆ ಅಂತ ಚೂರುಗಳನ್ನು ಕತ್ತರಿಸಿದೆ. ಪುಟ್ಟೀ, ಹೊಸ ಆಟ ತಂದಿದೀನಿ ಅಂತ ಮಗಳ ಮುಂದೆ ಇಟ್ಟೆ. ನಾನು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದೆ, ಆ ರಟ್ಟು ನಿಮ್ಮ ಹಾಲ್‌ನದು ಅಂತ ಆಗ ನನಗೆ ಗೊತ್ತಿರಲಿಲ್ಲ, ಆದರೆ ಮಾತುಗಳು ಕೇಳಿದವು. ಅವಳು ಕೂರಿಸಿದಳು, ಒಂದು ಚೂರು ಉಳಿಯಿತು. ಇದು ಜಾಸ್ತಿ ಅಪ್ಪ, ಇದನ್ನ ಹೊರಗಿಡು, ಅಂದಳು. ನೀನು, ಈ ಹಳದಿ ಗೆರೆ ಇದೆಯಲ್ಲ, ಅದು ಇಲ್ಲ ಅಂತ ಅಂದ್ಕೋ, ಅಂದೆ. ಅವಳು ಕೇಳಿದಳು: ಆಗ ಕೆಂಪು ಹೊರಗೆ ಹೇಗೆ ಬರತ್ತೆ? ನೀನು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. ಈ ಆಟದಲ್ಲಿ ಯಾರೂ ಹೊರಗೆ ಬರೋದಿಲ್ಲ ಪುಟ್ಟಿ, ಬರೀ ಕೂರಿಸೋದು.

ಹಳದಿ ಗೆರೆ ಏನು ಅಂತ ಮಗುವಿಗೆ ಗೊತ್ತಿರಲಿಲ್ಲ. ಹಿಂಬಾಗಿಲಿಗೆ ಹೋಗುವ ದಾರಿ, ಅಲ್ಲಿ ಒಂದು ಸ್ಟೂಲು ಕೂಡ ಇಡಬಾರದು ಅಂತ ನೆಲಕ್ಕೆ ಬಳಿದ ಬಣ್ಣ ಅದು ಅಂತ ನಿನಗೆ ಗೊತ್ತಿತ್ತು. ತಪಾಸಣೆಯವರು ಬರುವ ದಿನ ಬಾಕ್ಸುಗಳೆಲ್ಲ ಲಾರಿ ಹತ್ತಿ ಊರು ಸುತ್ತಿಕೊಂಡು, ಅವರು ಕಾಫಿ ಕುಡಿದು ಹೋದ ಮೇಲೆ ವಾಪಸು ಬರುತ್ತಿದ್ದವು ಅಂತ ಅಲ್ಲೇ ಗುಂಡಿ ಹಾಕುತ್ತಿದ್ದ ಸೊಸೆ ನನಗೆ ಹೇಳುತ್ತಿದ್ದಳು. ನಮ್ಮ ಬಾಕ್ಸುಗಳಿಗೆ ನಮಗಿಂತ ಜಾಸ್ತಿ ರಜ ಅತ್ತೆ, ಅನ್ನುತ್ತಿದ್ದಳು. ಗೊತ್ತಿದ್ದವರೆಲ್ಲ ನಗುತ್ತಿದ್ದರು. ನಾನೂ ನಕ್ಕವಳೇ.

ಅದರ ಮುಂದಿನ ಶನಿವಾರ ಅರ್ಧ ದಿನ ರಜ. ಕೆಲಸದವರೆಲ್ಲ ಹೋದ ಮೇಲೆ ನೀನು ಮಗಳನ್ನು ಕರೆದುಕೊಂಡು ಹೋಗಿ ಹಾಲ್ ತೋರಿಸಿದೆ. ನೋಡು, ನಿನ್ನ ಆಟ ಎಷ್ಟು ದೊಡ್ಡದಾಗಿದೆ ಅಂದೆಯಂತೆ. ಹೆಂಗಸರು ನಗುಮುಖ ಅಂತ ಹೆಸರಿಟ್ಟಿದ್ದ ನಿಮ್ಮ ಮ್ಯಾನೇಜರು ಅವಳ ಕೆನ್ನೆ ಹಿಂಡಿ, ಇವಳು ನಮ್ಮ ಕಂಪನಿಗೇ ಬೇಕಲ್ರೀ, ನಿಮ್ಮ ಕುರ್ಚಿ ಹುಷಾರು, ಅಂದನಂತೆ. ಬಣ್ಣದ ಪೆನ್ಸಿಲ್ ಡಬ್ಬಿ ಕೊಟ್ಟನಂತೆ. ಮನೆಗೆ ಬಂದವಳು ತನ್ನ ಅಮ್ಮನ ಸುತ್ತ ಬುಗುರಿಯ ಹಾಗೇ ತಿರುಗಿ ತಿರುಗಿ, ಅಮ್ಮಾ ನಿಮ್ಮ ಹಾಲ್‌ನಲ್ಲಿರೋದೆಲ್ಲ ನಾನೇ ಇಟ್ಟಿದ್ದು, ಅಂದಳು. ನನ್ನ ಸೊಸೆ ನಿನ್ನ ಮುಖ ನೋಡಿದಳು. ಹಿಂದಿನ ಬಾಗಿಲ ಹತ್ತಿರ ಪೂರ್ತಿ ತುಂಬಿಬಿಟ್ರಲ್ಲ ರೀ, ಅಂದಳು. ನೀನು, ಒಂದು ವಾರ ಅಷ್ಟೆ ಕಣೇ, ಹಡಗು ಬರಲಿ, ಅಂದೆ.

ಹಡಗು ಬರುವ ಮೊದಲು ಬೆಂಕಿ ಬಂತು. ಮಧ್ಯಾಹ್ನ, ಇಸ್ತ್ರಿ ಮೇಜಿನ ವೈರಿನಿಂದ. ಮುಂದಿನ ಸಾಲುಗಳವರು ಮುಂಬಾಗಿಲಿಂದ ಓಡಿದರು. ಕೊನೆಯ ಮೇಜುಗಳಲ್ಲಿ ಗುಂಡಿ ಹಾಕುತ್ತಿದ್ದವರಿಗೂ ಮುಂಬಾಗಿಲಿಗೂ ನಡುವೆ ಉರಿಯಿತ್ತು. ಅವರು ಹಿಂಬಾಗಿಲ ಕಡೆ ತಿರುಗಿದರು. ಬಾಕಿಯದನ್ನು ಬರೆಯಲಾರೆ. ಆ ಬಾಕ್ಸುಗಳೊಳಗೆ ಇದ್ದದ್ದು ಮಕ್ಕಳ ರಾತ್ರಿ ಉಡುಪು.

ಇದೆಲ್ಲ ಆಗಿ ನಾಲ್ಕು ತಿಂಗಳು. ಕಂಪನಿ ನಿನ್ನನ್ನು ದೂರದ ಇನ್ನೊಂದು ಘಟಕಕ್ಕೆ ಕಳಿಸಿತು, ಮೊದಲಿಗಿಂತ ದೊಡ್ಡ ಹುದ್ದೆ, ಇರಲಿಕ್ಕೆ ಮನೆ. ಇಲ್ಲಿ ವಿಚಾರಣೆ ಶುರುವಾಯಿತು. ಮೊದಲ ದಿನ ನಾನು ಹೋಗಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಕಂಪನಿಯ ವಕೀಲರು ನಿನ್ನ ಹೇಳಿಕೆಯನ್ನು ಓದಿದರು. ಬಾಗಿಲಿಗೆ ಬೀಗ ಹಾಕಿರಲಿಲ್ಲ. ಬಾಕ್ಸುಗಳನ್ನು ದಾರಿಯಲ್ಲಿ ಇಟ್ಟವರು ಕೆಲಸದ ಹೆಂಗಸರೇ, ಅನುಕೂಲಕ್ಕೆ ಅಂತ, ಮೇಲ್ವಿಚಾರಕರ ಗಮನಕ್ಕೆ ತರದೆ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಅಂತ ಕೇಳಿದ್ದೆ. ಸತ್ತ ಮೇಕೆಯ ಬಾಯಿಗೆ ಒರೆಸಿದ್ದನ್ನು ಕಂಡದ್ದು ಅವತ್ತೇ. ಎದ್ದು ನಿಂತೆ. ವಿಚಾರಣಾಧಿಕಾರಿ ಸೌಮ್ಯವಾಗಿಯೇ ಕೇಳಿದರು, ನೀವು ಹಾಲ್ ಒಳಗೆ ಹೋಗಿ ನೋಡಿದ್ರಾ ಅಮ್ಮ? ಇಲ್ಲ ಅಂದೆ. ಹಾಗಾದ್ರೆ ಕೂತ್ಕೊಳ್ಳಿ ಅಂದರು. ಕೂತೆ. ಯಾರು ಇಡಿಸಿದರು ಅಂತ ಕಣ್ಣಾರೆ ನೋಡಿದವರಲ್ಲಿ ಉಳಿದಿರುವವರು ಮೂವರು. ನಗುಮುಖ ಹೇಳುವುದಿಲ್ಲ. ಆರು ವರ್ಷ ತುಂಬದ ಮಗುವನ್ನು ನಾನು ವಕೀಲರ ಮುಂದೆ ನಿಲ್ಲಿಸುವುದಿಲ್ಲ. ಇನ್ನು ನೀನು.

ನಿನ್ನ ಹೇಳಿಕೆಯಂಥದ್ದನ್ನು ನಾನು ಮೊದಲೂ ಓದಿದ್ದೇನೆ. ನೀನಿನ್ನೂ ಹುಟ್ಟಿರಲಿಲ್ಲ, ನಾನು ಪತ್ರಿಕೆಗೆ ಹೊಸದಾಗಿ ಸೇರಿದ್ದೆ, ಇದೇ ಊರಿನ ಒಂದು ಚಪ್ಪಲಿ ಕಾರ್ಖಾನೆ ಉರಿದಿತ್ತು. ಅದರ ವಿಚಾರಣಾ ವರದಿಯ ಕರಡನ್ನು ತಿದ್ದಿದವಳು ನಾನು. ಬಾಗಿಲು ತೆರೆದೇ ಇತ್ತು, ಬಾಗಿಲಿಗೆ ಹೋಗುವ ದಾರಿ ಇರಲಿಲ್ಲ, ಅಂತ ಒಂದು ಸಾಲು. ಅದರ ಕೆಳಗೆ ಅಲ್ಲಿನ ಗೋದಾಮಿನ ಗುಮಾಸ್ತನ ಮಾತು: ಮೂಟೆಗಳನ್ನು ಕೆಲಸದವರೇ ಇಟ್ಟಿದ್ದರು. ಕರಡು ತಿದ್ದುವವರಿಗೆ ಕಾಗುಣಿತ ತಿದ್ದುವ ಅಧಿಕಾರ ಇರುತ್ತದೆ, ಸುಳ್ಳು ತಿದ್ದುವ ಅಧಿಕಾರ ಇರುವುದಿಲ್ಲ. ಮೂಟೆಗೆ ದೀರ್ಘ ಸರಿಯಾಗಿದೆಯೇ ಅಂತ ನೋಡಿ ಅಚ್ಚಿಗೆ ಕಳಿಸಿದೆ. ಆ ಗುಮಾಸ್ತನನ್ನು ಕಂಪನಿ ವರ್ಷ ತುಂಬುವುದರೊಳಗೆ ಮನೆಗೆ ಕಳಿಸಿತು. ಕೆಲಸ ಮುಗಿದ ಮೇಲೆ ಸಾಕ್ಷಿಯನ್ನು ಯಾರು ಸಾಕುತ್ತಾರೆ? ಅವನು ಬಹಳ ವರ್ಷ ನಮ್ಮ ಬಸ್ ನಿಲ್ದಾಣದ ಹತ್ತಿರವೇ ಬೀಗದ ಕೈ ಮಾಡುವ ಅಂಗಡಿ ಇಟ್ಟುಕೊಂಡಿದ್ದ. ಕೈ ಚಳಕ ಒಳ್ಳೆಯದಿತ್ತು. ಆದರೂ ಈ ಬೀದಿಗಳ ಹೆಂಗಸರು ಬೀಗ ಕೆಟ್ಟರೆ ಎರಡು ಬಸ್ಸು ಹತ್ತಿ ಬೇರೆ ಕಡೆ ಹೋಗುತ್ತಿದ್ದರು. ಅವನ ಮಗಳು ನನ್ನ ಓರಗೆಯವಳು. ಅಪ್ಪನ ಅಂಗಡಿಯ ಮುಂದೆ ಹೋಗುವಾಗ ಅವಳು ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಿದ್ದಳು.

ನಿನಗೂ ಹಾಗಾಗಲಿ ಅಂತ ಶಪಿಸಲು ಇದನ್ನು ಬರೆಯುತ್ತಿಲ್ಲ. ಶಪಿಸುವುದಿದ್ದರೆ ಇಷ್ಟುದ್ದ ಬೇಕಿರಲಿಲ್ಲ. ನಿನ್ನ ಮಗಳ ತಲೆಯೊಳಗೆ ಏನು ನಡೆಯುತ್ತಿದೆ ಅಂತ ನನಗೆ ಗೊತ್ತಾದದ್ದು ಮೊನ್ನೆ. ಅದನ್ನು ಹೇಳಬೇಕು.

ಹೋದ ತಿಂಗಳು ಫೋನಿನಲ್ಲಿ ಅವಳು ನಿನ್ನನ್ನು ಒಂದೇ ಸಮನೆ ಪ್ರಶ್ನೆ ಕೇಳಿದಳಲ್ಲ, ಆಗ ನೀನು ಮೂರು ಮಾತು ಹೇಳಿದೆ. ಅಮ್ಮಂಗೆ ನೋವೇ ಆಗ್ಲಿಲ್ಲ ಬಂಗಾರ, ನಿದ್ದೆ ಹೋದ ಹಾಗೆ ಹೋದಳು. ಆ ಬಾಕ್ಸುಗಳನ್ನ ಅಲ್ಲಿ ಇಟ್ಟಿದ್ದು ಕೆಲಸದವರು, ಅಪ್ಪ ಇಡ್ಸಿದ್ದಲ್ಲ. ನಿನ್ನ ತಪ್ಪು ಏನೂ ಇಲ್ಲ. ಮಗುವಿಗೆ ಸಮಾಧಾನ ಹೇಳಿದೆ ಅಂತ ನೀನು ಅಂದುಕೊಂಡೆ. ಮೊದಲನೆಯದೂ ಮೂರನೆಯದೂ ತಂದೆಯ ಮಾತು. ಮಧ್ಯದ್ದು ವಕೀಲರದು. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ.

ಅವತ್ತಿನಿಂದ ಅವಳು ನೆಲದ ಮೇಲೆ ಬೆಂಕಿಪೊಟ್ಟಣಗಳನ್ನು ಜೋಡಿಸುತ್ತಿದ್ದಾಳೆ. ಖಾಲಿ ಪೊಟ್ಟಣ, ಪಕ್ಕದ ಮನೆಯ ಗಡಿಯಾರ ರಿಪೇರಿಯವರು ಕೂಡಿಸಿಕೊಟ್ಟವು. ಅದೇ ಹಾಲ್, ಅದೇ ಅಟ್ಟಿಗಳು. ಎಲ್ಲವೂ ಒಳಗಿರಬೇಕು, ದಾರಿಯೂ ಇರಬೇಕು, ಹಾಗೆ ಒಂದು ಜೋಡಣೆ ಹುಡುಕುತ್ತಿದ್ದಳು. ಮೊನ್ನೆ ನಿಲ್ಲಿಸಿದಳು. ಆಗಲ್ಲ ಅಜ್ಜಿ, ಎಲ್ಲಾ ತರ ನೋಡ್ದೆ, ಒಂದನ್ನ ಹೊರಗಿಟ್ರೆ ಮಾತ್ರ ಆಗತ್ತೆ, ಅಂದಳು. ಹೌದಲ್ವಾ, ನೀನು ಅವತ್ತೇ ಹಾಗಂದಿದ್ದೆಯಲ್ಲ, ಹಾಗಾದ್ರೆ ನಿನ್ನ ತಪ್ಪೆಲ್ಲಿ ಬಂತು, ಅಂದೆ ನಾನು. ಅವಳು ನನ್ನನ್ನು ನೋಡಿದ ರೀತಿ, ದಡ್ಡರಿಗೆ ಪಾಠ ಹೇಳುವವರು ನೋಡುವ ಹಾಗಿತ್ತು.

ಅಪ್ಪ ಕೆಲಸದವರು ಇಟ್ರು ಅಂದ್ರಲ್ಲ, ಅದು ಸುಳ್ಳು, ಅಪ್ಪನೇ ಇಡ್ಸಿದ್ದು, ನಾನು ನೋಡಿದೀನಿ, ಅಂದಳು. ಅಂದ್ರೆ ಅಪ್ಪ ಸುಳ್ಳೂರು. ಸುಳ್ಳೂರಿನವ್ರು ಹೇಳೋದೆಲ್ಲಾ ಸುಳ್ಳು. ಅಮ್ಮಂಗೆ ನೋವಾಗ್ಲಿಲ್ಲ ಅಂದ್ರು, ಅಂದ್ರೆ ಅಮ್ಮಂಗೆ ನೋವಾಯ್ತು. ನಿನ್ನ ತಪ್ಪಿಲ್ಲ ಅಂದ್ರು.

ಅಷ್ಟು ಹೇಳಿ ನಿಲ್ಲಿಸಿದಳು. ಮುಂದಿನದನ್ನು ನಾನೇ ಬಿಡಿಸಿಕೊಳ್ಳಲಿ ಅಂತ. ಅಳಲಿಲ್ಲ, ಮಗನೇ. ಲೆಕ್ಕ ಸರಿಬಂದಾಗ ಮಕ್ಕಳು ಅಳುವುದಿಲ್ಲ. ಎದ್ದು ಹೋಗಿ, ನಗುಮುಖ ಕೊಟ್ಟ ಪೆನ್ಸಿಲ್ ಡಬ್ಬಿಯನ್ನು ತಂದು ಬಾಗಿಲ ಹೊರಗೆ ಮೆಟ್ಟಿಲ ಮೇಲಿಟ್ಟು ಬಂದಳು. ಇದು ಜಾಸ್ತಿ, ಅಂದಳು.

ನಾನು ಸೋತೆ ಅಂತ ಬಿಡಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ನಿಜವಾದ ಊರುಗಳಲ್ಲಿ ಹಾಗಿರಲ್ಲ ಕಂದ, ಮನುಷ್ಯರು ಒಂದಿಷ್ಟು ನಿಜ ಒಂದಿಷ್ಟು ಸುಳ್ಳು ಬೆರೆಸಿ ಹೇಳ್ತಾರೆ, ಅಂದೆ. ಹಾಗಾದ್ರೆ ಯಾವುದು ನಿಜ ಯಾವುದು ಸುಳ್ಳು ಅಂತ ಹೇಗೆ ಗೊತ್ತಾಗತ್ತೆ, ಅಂದಳು. ನಾನು ಓದಿದ ಪುಸ್ತಕಗಳಿಗೆ ಈ ಮನೆಯ ಕಪಾಟು ಸಾಲುವುದಿಲ್ಲ. ಆದರೂ ಉತ್ತರ ಹುಡುಕಿದವಳು ಅವಳೇ. ಅಪ್ಪ ಬಂದು ನಾನು ಸುಳ್ಳು ಹೇಳ್ದೆ ಅಂತ ಹೇಳಿದ್ರೆ ಗೊತ್ತಾಗತ್ತೆ. ಸುಳ್ಳೂರಿನವ್ರು ಹಾಗೆ ಹೇಳೋಕಾಗಲ್ಲ ಅಜ್ಜಿ. ಯಾಕಂದ್ರೆ ಅದು ನಿಜ ಅಲ್ವಾ?

ಇನ್ನೊಮ್ಮೆ ಓದು. ನಾನೂ ಎರಡು ಸಲ ಕೇಳಿಸಿಕೊಂಡೆ. ಸುಳ್ಳೂರಿನವನ ಬಾಯಲ್ಲಿ ಬರಲಾರದ ಮಾತು ಅದೊಂದೇ. ಅದನ್ನು ಹೇಳಿದ ಕ್ಷಣದಲ್ಲಿ ನೀನು ಆ ಊರಿನವನಲ್ಲ ಅಂತಾಗುತ್ತದೆ. ಆಗ ನೀನು ಹೇಳಿದ ಬಾಕಿ ಮಾತುಗಳಿಗೆ ನಿಲ್ಲಲು ನೆಲ ಸಿಗುತ್ತದೆ. ನಿನ್ನ ತಪ್ಪಿಲ್ಲ ಅನ್ನುವ ಮಾತಿಗೆ ಕೂಡ. ಆಟದಲ್ಲಿ ಎಲ್ಲ ಬಿಲ್ಲೆಗಳೂ ಸಿಕ್ಕಿಕೊಂಡಿದ್ದರೂ ಸರಿಯುವಂಥದ್ದು ಒಂದು ಇರುತ್ತದಲ್ಲ, ಅದು ನೀನು.

ನಾಳೆ ಅಲ್ಲ, ಅದರ ಮುಂದಿನ ಸೋಮವಾರ ನಿನ್ನ ಸಾಕ್ಷಿ. ಬರೆದುಕೊಟ್ಟ ಹೇಳಿಕೆಯೇ ಸಾಕು, ನೀನು ಬರುವ ಅಗತ್ಯವಿಲ್ಲ ಅಂತ ವಕೀಲರು ನಿನಗೆ ಹೇಳಿರುತ್ತಾರೆ. ಬಂದು ಅಧಿಕಾರಿಯ ಮುಂದೆ ನಿಂತು, ಬಾಕ್ಸುಗಳನ್ನು ನಾನೇ ಇಡಿಸಿದೆ, ಮ್ಯಾನೇಜರು ಇಡಿಸು ಅಂದರು, ಕೆಲಸದವರು ಇಟ್ಟರು ಅಂದದ್ದು ಸುಳ್ಳು, ಅನ್ನು. ಅದರಿಂದ ಏನೇನು ಕಳೆದುಕೊಳ್ಳುತ್ತೀಯ ಅಂತ ನನಗೆ ಗೊತ್ತು. ಹುದ್ದೆ, ಮನೆ. ಬಹುಶಃ ಜೈಲು. ನಿನ್ನನ್ನು ಹೆತ್ತವಳು ನಾನು, ಅದನ್ನು ಮರೆತು ಇದನ್ನು ಬರೆಯುತ್ತಿದ್ದೇನೆ ಅಂದುಕೊಳ್ಳಬೇಡ. ಸತ್ತ ಹೆಂಗಸರ ಮನೆಯವರು ದಿನಾ ನಮ್ಮ ಬೀದಿಯಲ್ಲೇ ಓಡಾಡುತ್ತಾರೆ. ನಿಮ್ಮಕ್ಕನ ತಪ್ಪಂತೆ, ನಿಮ್ಮಮ್ಮನ ತಪ್ಪಂತೆ ಅಂತ ಅವರ ಮಕ್ಕಳಿಗೆ ಯಾರೋ ಹೇಳಿರುತ್ತಾರೆ. ಅವರ ಮಕ್ಕಳೂ ಮಕ್ಕಳೇ. ನಿನ್ನ ಹೆಂಡತಿಯ ಮೇಲೂ ಅದೇ ತಪ್ಪು ಹೊರಿಸಿದ್ದೀಯ, ಯೋಚಿಸಿದ್ದೀಯಾ? ಅವಳೂ ಕೆಲಸದ ಹೆಂಗಸೇ ಆಗಿದ್ದಳು.

ಬಂದೇ ಬರಬೇಕು ಅಂತ ನಾನು ಗೋಗರೆಯುವುದಿಲ್ಲ. ನೀನು ಬಂದರೂ ಸರಿ, ಬಾರದಿದ್ದರೂ ಸರಿ, ನಾನೂ ಬುಗುರಿಯೂ ಹೇಗೋ ಬದುಕಿಕೊಳ್ಳುತ್ತೇವೆ. ನಿನ್ನ ವಿಷಯದಲ್ಲಿ ಮಗುವಿಗೆ ನಾನು ಯಾವ ಆಸೆಯನ್ನೂ ಹುಟ್ಟಿಸಿಲ್ಲ, ಯಾವ ಮಾತನ್ನೂ ಕೊಟ್ಟಿಲ್ಲ. ಹಾಗಾಗಿ ಆ ಭಾರ ನಿನ್ನ ಮೇಲಿಲ್ಲ.

ಇಲ್ಲಿಯವರೆಗೆ ಓದಿದ್ದರೆ, ಮೊದಲಲ್ಲಿ ತಡೆಹಿಡಿದ ಆಶೀರ್ವಾದ ಇಗೋ. ಆರೋಗ್ಯ ನೋಡಿಕೋ. ಊಟ ಬಿಡಬೇಡ.

ನಿನ್ನ
ಅಮ್ಮ

ಸಹಿ ಹಾಕಿದ ಮೇಲೆ: ಕೊನೆಗೆ ಬರೆದದ್ದು, ಮಾತು ಕೊಟ್ಟಿಲ್ಲ ಅಂದದ್ದು, ಸುಳ್ಳು. ಮೊನ್ನೆ ಅವಳು ನನ್ನನ್ನೂ ಬಿಡಲಿಲ್ಲ. ನೀನು ಯಾವೂರು ಅಜ್ಜಿ, ಅಂದಳು. ನಿಜದೂರು ಅಂದೆ. ಸುಳ್ಳೂರಿನವ್ರೂ ಹಾಗೇ ಅಂತಾರೆ, ಅಂದಳು. ಹಾಗಾದ್ರೆ ಪರೀಕ್ಷೆ ಮಾಡು ಅಂದೆ. ಇನ್ನೂ ಆಗದೇ ಇರೋದು ಒಂದು ಹೇಳು, ನಾನು ಕಾದು ನೋಡ್ತೀನಿ, ಅಂದಳು. ನನ್ನ ಬಾಯಿಂದ ಬಂದುಬಿಟ್ಟಿತು: ನಿಮ್ಮಪ್ಪ ಆ ಸೋಮವಾರ ಬರ್ತಾನೆ, ಎಲ್ಲರ ಎದುರಿಗೆ ನಾನು ಸುಳ್ಳು ಹೇಳ್ದೆ ಅಂತಾನೆ. ನಾಳೆ ಮಳೆ ಬರತ್ತೆ ಅಂತ ಹೇಳಬಹುದಿತ್ತು. ಹೇಳಲಿಲ್ಲ. ದಿನಾ ಬೆಳಿಗ್ಗೆ ಅವಳ ತಲೆ ಬಾಚುತ್ತ, ನಿನ್ನ ತಪ್ಪಿಲ್ಲ ಕಂದ ಅನ್ನುತ್ತೇನೆ. ನೀನು ಬಾರದಿದ್ದರೆ ಅದೂ ಸುಳ್ಳೂರಿನ ಮಾತಾಗುತ್ತದೆ. ಆಮೇಲೆ ಅವಳಿಗೆ ಆ ಮಾತು ಹೇಳಲು ಇನ್ಯಾರೂ ಉಳಿದಿರುವುದಿಲ್ಲ. ಮೇಲಿನ ಸಾಲನ್ನು ಹೊಡೆದುಹಾಕಬಹುದಿತ್ತು, ಜೀವಮಾನವೆಲ್ಲ ಅದೇ ಕೆಲಸ ಮಾಡಿದ ಕೈ ಇದು. ಬೇಕೆಂದೇ ಬಿಟ್ಟಿದ್ದೇನೆ. ಸುಳ್ಳು ಹೇಳಿದೆ ಅಂತ ಒಪ್ಪಿಕೊಂಡರೆ ಪ್ರಾಣ ಹೋಗುವುದಿಲ್ಲ ಅಂತ ನಿನಗೆ ಕಾಣಲಿ.

ನನ್ನ ಮಾತು ಕೇಳಿ ಅವಳು ತಲೆಯಾಡಿಸಿದಳು. ಆಮೇಲೆ ಬಾಗಿಲ ಹತ್ತಿರದ ಕುರ್ಚಿಯನ್ನು ಎಳೆದು ಎಳೆದು ಗೋಡೆಗೆ ಸೇರಿಸಿದಳು. ಅಲ್ಲಿಂದ ಹೊರಗೆ ಹೋಗೋಕೆ ಜಾಗ ಇದೆಯಲ್ಲ ಅಂದೆ. ಹೊರಗೆ ಹೋಗೋಕಲ್ಲ, ಅಪ್ಪ ಒಳಗೆ ಬರೋಕೆ, ಅಂದಳು.